ಬಟನ್ ಒತ್ತಿ ಹಿಡಿಯುವ ಮುನ್ನ

2011ರ ಸೆಪ್ಟೆಂಬರ್ 15ರಂದು ತಮಿಳುನಾಡಿನಲ್ಲಿ ಶುರುವಾದ ಉಚಿತ ಲ್ಯಾಪ್‌ಟಾಪ್ ಯೋಜನೆಯಲ್ಲಿ ವಿಂಡೋಸ್ ಜತೆ ಸಿ-ಡ್ಯಾಕ್‌ನ ಬಾಸ್ ಲಿನಕ್ಸ್ ಕೂಡ ಇತ್ತು. ಹೀಗೆ ಅಲ್ಲಿನ ಮೂಕಂಡಪಲ್ಲಿಯಂಥ ಕಾರ್ಖಾನೆಗಳ ಊರಲ್ಲೂ ಶಾಲಾ ಮಕ್ಕಳಿಗೆ ಲಿನಕ್ಸ್ ಕೈಗೆಟುಕಿತು. ಅತ್ತ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕೇರಳದ ಕೈಟ್ ಸಂಸ್ಥೆ ಉಬುಂಟು ಆಧರಿಸಿದ ಲಿನಕ್ಸನ್ನೇ ಕೊಡುತ್ತದೆ. ಲಿನಕ್ಸ್ ಇದ್ದಲ್ಲೆಲ್ಲ ಒಂದಲ್ಲ ಒಂದು ದಿನ ಕೇಳಿಬರುವ ದೂರು: ಶಟ್‌ಡೌನ್ ಕೊಟ್ಟರೆ ಆಫ್ ಆಗುವುದಿಲ್ಲ, ಹ್ಯಾಂಗ್ ಆಗುತ್ತದೆ. ಎಲ್ಲರೂ ಹೇಳುವ ಮದ್ದು, ಪವರ್ ಬಟನ್ ಒತ್ತಿ ಹಿಡಿ. ಆದರೆ ಈ ಒಂದೇ ಹೆಸರಿನಡಿ ಕನಿಷ್ಠ ಮೂರು ತೊಂದರೆಗಳು ಅಡಗಿವೆ. ಯಂತ್ರ ಯಾವ ಹಂತದಲ್ಲಿ ನಿಂತಿತು ಎಂದು ನೋಡದೆ ಮಾಡುವ ರಿಪೇರಿ ಬರೀ ಊಹೆ.

ಲೋಗೋ ತೋರಿಸುವ ಪರದೆಯಲ್ಲಿ ಎಸ್ಕೇಪ್ ಒತ್ತಿದರೆ ಹಿಂದಿನ ಸಾಲುಗಳು ಸಾಮಾನ್ಯವಾಗಿ ಕಾಣುತ್ತವೆ. ಯಾವುದೋ ಸೇವೆ ನಿಲ್ಲಲು ಕಾಯುತ್ತಿದ್ದೇನೆ ಎಂಬ ಸಾಲೂ ಪಕ್ಕದಲ್ಲಿ ಓಡುವ ಸೆಕೆಂಡುಗಳೂ ಕಂಡರೆ, ಅದು ಮೊದಲ ಬಗೆ; ಕಾಯುತ್ತಿರುವುದು ಸೇವೆಗಳನ್ನು ಶುರುಮಾಡಿ ನಿಲ್ಲಿಸುವ ಸಿಸ್ಟಮ್‌ಡಿ. ಪ್ರತಿ ಸೇವೆಗೂ ಮೊದಲು ನಯವಾಗಿ ನಿಲ್ಲಲು ಹೇಳುತ್ತದೆ, ಮೂಲ ಸೆಟ್ಟಿಂಗ್ ಪ್ರಕಾರ 90 ಸೆಕೆಂಡ್ ಕಾಯುತ್ತದೆ, ಆಮೇಲೆ ಬಲವಂತವಾಗಿ ಕೊಲ್ಲುತ್ತದೆ. ಬೈಸಿಕೊಳ್ಳುವ ಈ 90 ಸೆಕೆಂಡ್ ನಿಜಕ್ಕೂ ಸುಧಾರಣೆಯೇ. ಹಳೆಯ ಇನಿಟ್ ಸ್ಕ್ರಿಪ್ಟುಗಳಲ್ಲಿ ಒಂದು ಸಿಕ್ಕಿಕೊಂಡರೆ ಉಳಿದವು ಅದರ ಹಿಂದೆ ಗಡುವೇ ಇಲ್ಲದೆ ನಿಲ್ಲಬೇಕಿತ್ತು. ಎರಡನೆಯ ಬಗೆ ಡಿಸ್ಕ್ ಅನ್‌ಮೌಂಟ್ ಆಗುವಾಗಿನದು. ಸರ್ವರ್‌ನ ಫೋಲ್ಡರ್ ಇನ್ನೂ ಮೌಂಟ್ ಆಗಿರುವಾಗಲೇ ವೈಫೈ ಹೋಗಿಬಿಟ್ಟರೆ, ಬಾರದ ಉತ್ತರಕ್ಕೆ ಕಾಯುವ ಪ್ರೋಗ್ರಾಮನ್ನು ಕೆಲವೊಮ್ಮೆ ಕೊಲ್ಲುವುದಕ್ಕೂ ಆಗುವುದಿಲ್ಲ. ಮತ್ತೆ ಆನ್ ಮಾಡಿದ ಮೇಲೆ, ಲಾಗ್ ತೋರಿಸುವ ಜರ್ನಲ್‌ಸಿಟಿಎಲ್ ಆದೇಶಕ್ಕೆ ‘-ಬಿ -1’ ಸೇರಿಸಿದರೆ ಹಿಂದಿನ ಸಲದ ಕೊನೆಯ ಸಾಲುಗಳಲ್ಲಿ ತಪ್ಪಿತಸ್ಥನ ಹೆಸರು ಬಹುಮಟ್ಟಿಗೆ ಸಿಗುತ್ತದೆ.

ಮೂರನೆಯ ಬಗೆ ನನಗೆ ಅತಿ ಪ್ರಿಯ. ‘ಪವರ್ ಡೌನ್’ ಎಂಬ ಕೊನೆಯ ಸಾಲು ಬಂದಿದೆ, ಫ್ಯಾನ್ ಮಾತ್ರ ಇನ್ನೂ ತಿರುಗುತ್ತಿದೆ. ಸೇವೆಗಳ ಮೇಲೆ ಅನುಮಾನ ಪಡುವ ಕಾಲ ಮುಗಿಯಿತು. ಇನ್ನು ನೋಡಬೇಕಾದದ್ದು ಡ್ರೈವರ್ ಅಥವಾ ಬಯೋಸ್. ರೀಸ್ಟಾರ್ಟ್‌ನಲ್ಲಂತೂ ತಮಾಷೆ ಇನ್ನೂ ಹೆಚ್ಚು. ಎಕ್ಸ್86 ಯಂತ್ರಗಳಿಗಾಗಿ ಕರ್ನಲ್‌ನಲ್ಲಿರುವ ರೀಬೂಟ್ ಕಡತ ಮೊದಲು ವಿದ್ಯುತ್ ನಿರ್ವಹಣೆಯ ಎಸಿಪಿಐಗೆ ಹೇಳುತ್ತದೆ; ಇನ್ನೂ ಜೀವ ಇದ್ದರೆ ಕೀಬೋರ್ಡ್ ಕಂಟ್ರೋಲರ್‌ಗೆ; ಇನ್ನೂ ಇದ್ದರೆ ಮತ್ತೆ ಎಸಿಪಿಐಗೆ, ಮತ್ತೆ ಕೀಬೋರ್ಡ್‌ಗೆ. ಕೀಬೋರ್ಡ್‌ಗೆ ಏಕೆ? 1984ರ ಐಬಿಎಂ ಪಿಸಿ/ಎಟಿಯಲ್ಲಿ ಪ್ರೊಸೆಸರ್ ರೀಸೆಟ್ ಮಾಡುವ ತಂತಿಯೊಂದು ಕೀಬೋರ್ಡ್ ಚಿಪ್ಪಿಗೆ ಹೋಗಿತ್ತು, ಅದಕ್ಕೆ! ಆ ಅಡ್ಡದಾರಿ ಇವತ್ತಿಗೂ ಸರದಿಯಲ್ಲಿದೆ. ಡೆಲ್ ಆಪ್ಟಿಪ್ಲೆಕ್ಸ್ 990, ಲ್ಯಾಟಿಟ್ಯೂಡ್ ಇ6320 ಮುಂತಾದ ಮಾದರಿಗಳಿಗೆ ಬೇರೆ ದಾರಿಯೇ ಬೇಕೆಂದು ಅದೇ ಕಡತದಲ್ಲಿ ಹೆಸರು ಹಿಡಿದು ಬರೆದಿದ್ದಾರೆ. ಪಟ್ಟಿಯಲ್ಲಿಲ್ಲದ ಯಂತ್ರವಾದರೆ ಬೂಟ್ ಮಾಡಿಸುವ ಗ್ರಬ್‌ನ ಕರ್ನಲ್ ಸಾಲಿನಲ್ಲಿ ‘ರೀಬೂಟ್=ಪಿಸಿಐ’ ಎಂದು ಇಂಗ್ಲಿಷ್‌ನಲ್ಲಿ ಸೇರಿಸಿ ನೋಡಬಹುದು. ಇದು ರೀಸ್ಟಾರ್ಟ್‌ಗೆ ಮಾತ್ರ. ಆಫ್ ಆಗದಿರುವುದಕ್ಕೆ ಬಯೋಸ್ ಅಪ್‌ಡೇಟ್ ಮಾಡುವುದು, ಅನುಮಾನದ ಡ್ರೈವರುಗಳನ್ನು ಒಂದೊಂದಾಗಿ ತೆಗೆದು ನೋಡುವುದೇ ದಾರಿ.

ಇಷ್ಟೆಲ್ಲ ತಲೆನೋವು ಏಕೆ, ಎಕ್ಸ್ಟ್4 ಕಡತ ವ್ಯವಸ್ಥೆಗೆ ಜರ್ನಲ್ ಇರುವುದರಿಂದ ಬಟನ್ ಒತ್ತಿದರೂ ಡಿಸ್ಕ್ ಕೆಡುವುದಿಲ್ಲವಲ್ಲ ಎನ್ನುವವರಿದ್ದಾರೆ. ಅರ್ಧ ನಿಜ. ಜರ್ನಲ್ ಮುಖ್ಯವಾಗಿ ಕಾಪಾಡುವುದು ಕಡತಗಳ ವ್ಯವಸ್ಥೆಯನ್ನು. ಪ್ರೋಗ್ರಾಮ್ ಇನ್ನೂ ಡಿಸ್ಕಿಗೆ ಬರೆಯದ ಅಂಕಪಟ್ಟಿ ಅದಕ್ಕೆ ಗೊತ್ತೇ ಇರುವುದಿಲ್ಲ. ಹಾಗಾದರೆ ಆ 90 ಸೆಕೆಂಡಿನ ಗಡುವನ್ನೇ ಇಳಿಸಿಬಿಡಿ ಎಂಬುದು ಇನ್ನೊಂದು ವಾದ. ಫೆಡೋರಾ 2023ರ 38ನೇ ಆವೃತ್ತಿಯಲ್ಲಿ ಅದನ್ನು 45 ಸೆಕೆಂಡಿಗೆ ಇಳಿಸಿಯೂ ಇದೆ. ಕಾಯುವವರಿಗೆ ಅನುಕೂಲವೇ. ಆದರೆ ಐದು ಸೆಕೆಂಡಿಗೆ ಇಳಿಸಿಕೊಳ್ಳುವ ಸಲಹೆ ನನಗೆ ಒಪ್ಪಿಗೆಯಿಲ್ಲ: ನಿಧಾನವಾಗಿ, ಸರಿಯಾಗಿಯೇ ಮುಚ್ಚುತ್ತಿರುವ ಡೇಟಾಬೇಸ್ ಕೂಡ ಆಗ ಅರ್ಧದಲ್ಲೇ ಸಾಯುತ್ತದೆ. ಮೇಲಾಗಿ ಎರಡನೆಯ ಮತ್ತು ಮೂರನೆಯ ಬಗೆಗೆ ಆ ಗಡುವಿನಿಂದ ಹೆಚ್ಚೇನೂ ಆಗದು. ಬಲವಂತ ಅನಿವಾರ್ಯವಾದರೆ ಆಲ್ಟ್ ಮತ್ತು ಪ್ರಿಂಟ್‌ಸ್ಕ್ರೀನ್ ಹಿಡಿದು ಎಸ್, ಯು, ಓ ಕೀಗಳನ್ನು ಒಂದರ ನಂತರ ಒಂದು ಒತ್ತಿ. ಮೊದಲನೆಯದು ಡಿಸ್ಕಿಗೆ ಬರೆಯಬೇಕಾದದ್ದನ್ನು ಬರೆಸುತ್ತದೆ, ಎರಡನೆಯದು ಡಿಸ್ಕನ್ನು ಓದಲಷ್ಟೇ ತೆರೆದಿಡುತ್ತದೆ, ಮೂರನೆಯದು ಆಫ್ ಮಾಡುತ್ತದೆ. ಉಬುಂಟುವಿನ ಮೂಲ ಸೆಟ್ಟಿಂಗ್ ಈ ಮೂರಕ್ಕೂ ಅನುಮತಿ ಕೊಟ್ಟಿದೆ.