ಒಂದೇ ಫೋಟೊದ ಹಲವು ಪ್ರತಿಗಳು: ಅಳಿಸುವ ಮುನ್ನ ಗಮನಿಸಿ



1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಿಲಂಗಾ, ಉದಗೀರ್ ತಾಲ್ಲೂಕುಗಳು ಬೀದರ್ ಜಿಲ್ಲೆಯಿಂದ ಬೇರ್ಪಟ್ಟು ಮುಂಬಯಿ ರಾಜ್ಯಕ್ಕೆ ಸೇರಿದವು. ಅದಕ್ಕೂ ಹಿಂದಿನ ಕನ್ನಡ ಪತ್ರ, ಫೋಟೊಗಳು ನಮ್ಮ ಮನೆಗಳಲ್ಲಿದ್ದರೆ ಅವು ಅಮೂಲ್ಯ. ಆದರೆ ಅವನ್ನು ಮೊಬೈಲಿನಲ್ಲಿ ತೆಗೆದು, ವಾಟ್ಸ್‌ಆ್ಯಪ್‌ನಲ್ಲಿ ಹಂಚಿ, ಮತ್ತೆ ಕಂಪ್ಯೂಟರಿಗೆ ಹಾಕುವಾಗ ಪ್ರತಿಗಳು ಹೆಚ್ಚಿ ಜಾಗ ತುಂಬುತ್ತದೆ.

ಹೆಚ್ಚುವರಿ ಪ್ರತಿಗಳನ್ನು ಹುಡುಕಲು ಡ್ಯೂಪ್‌ಗುರು ಎಂಬ ಉಚಿತ ತಂತ್ರಾಂಶವಿದೆ. ಫೋಲ್ಡರ್ ತೋರಿಸಿ 'ಕಂಟೆಂಟ್ಸ್' ಆಯ್ಕೆ ಮಾಡಿದರೆ, ಹೆಸರು ಬೇರೆಯಿದ್ದರೂ ಒಳಗಿನದು ಪೂರ್ತಿ ಒಂದೇ ಇರುವ ಫೈಲುಗಳನ್ನು ಪಟ್ಟಿ ಮಾಡುತ್ತದೆ. ಇವುಗಳಲ್ಲಿ ಒಂದನ್ನು ಉಳಿಸಿಕೊಂಡು ಮಿಕ್ಕವನ್ನು ತೆಗೆಯಬಹುದು.

'ಪಿಕ್ಚರ್' ವಿಧಾನದಲ್ಲಿ ಮಾತ್ರ ಎಚ್ಚರ ಬೇಕು. ಅದು ನೋಡುವುದು ಹೋಲಿಕೆಯನ್ನಷ್ಟೇ. ಒಂದೇ ಪತ್ರದ ಎರಡು ಪುಟಗಳನ್ನೂ ಜೋಡಿ ಎಂದು ತೋರಿಸಬಹುದು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊ ಸಾಮಾನ್ಯವಾಗಿ ಕುಗ್ಗಿರುತ್ತದೆ. ದೊಡ್ಡದು ಮಾಡಿ ನೋಡಿದರೆ ಹಳೆಯ ಕೈಬರಹ ಮಸುಕಾಗುತ್ತದೆ. ಆದ್ದರಿಂದ ಎರಡನ್ನೂ ತೆರೆದು ನೋಡಿ, ಸ್ಪಷ್ಟವಾಗಿರುವುದನ್ನೇ ಉಳಿಸಿ.

ಮೂಲ ಫೋಲ್ಡರನ್ನು 'ರೆಫರೆನ್ಸ್' ಎಂದು ಗುರುತಿಸಿದರೆ ಅದರಲ್ಲಿನ ಫೈಲುಗಳನ್ನು ತಂತ್ರಾಂಶ ಅಳಿಸುವುದಿಲ್ಲ. ತೆಗೆದವನ್ನು ರೀಸೈಕಲ್ ಬಿನ್‌ಗೆ ಕಳಿಸಿ, ಒಂದು ವಾರ ಬಿಟ್ಟು ಖಾಲಿ ಮಾಡಿ. ಪೆನ್ ಡ್ರೈವ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ಅಲ್ಲಿಗೆ ಬರುವುದಿಲ್ಲ.

ಕೊನೆಯದಾಗಿ, ಬೇರೆ ಡ್ರೈವ್‌ನಲ್ಲಿಟ್ಟ ಬ್ಯಾಕಪ್ ಪ್ರತಿಯನ್ನು ಹುಡುಕಾಟಕ್ಕೆ ಸೇರಿಸಬೇಡಿ. ಅದು ಹೆಚ್ಚುವರಿಯಲ್ಲ, ನಮ್ಮ ಕಾವಲು. ಸಂದೇಹ ಬಂದರೆ ಅಳಿಸದೆ ನಮ್ಮನ್ನು ಕೇಳಿ.

– ಕಾರ್ಯದರ್ಶಿ