ತೂತಿದ್ದರೂ ಇಳಿಯದ ನೀರು

ಟೊಮೆಟೊ, ಮೆಣಸಿನ ಸಸಿ ಬೆಳೆಸುವ ಪ್ರೋಟ್ರೇಯ ಪ್ರತಿ ಗುಳಿಯ ತಳದಲ್ಲೂ ಒಂದು ತೂತಿರುತ್ತದೆ. ನೀರು ಹಾಕಿ, ತೊಟ್ಟಿಕ್ಕುವುದು ನಿಂತ ಮೇಲೆ ಒಂದು ಸಸಿಯನ್ನು ಬೇರಿನ ಸಮೇತ ಎತ್ತಿ ನೋಡಿ. ಮೇಲಿನ ಕೋಕೋಪಿಟ್ ಹದವಾಗಿ ಉದುರುತ್ತದೆ. ತಳವನ್ನು ಬೆರಳಲ್ಲಿ ಒತ್ತಿದರೆ ನೀರು ಜಿನುಗುತ್ತದೆ. ತೂತೇನೂ ಕಟ್ಟಿಲ್ಲ. ಮತ್ತೆ ಆ ನೀರು ಅಲ್ಲೇ ಉಳಿದದ್ದೇಕೆ?

ಕಣಗಳ ನಡುವಿನ ಸಂದುಗಳಲ್ಲಿ ಎಳೆದಾಟ ನಡೆಯುತ್ತಿರುತ್ತದೆ. ಗುರುತ್ವ ನೀರನ್ನು ಕೆಳಗೆ ಸೆಳೆಯುತ್ತದೆ, ಸಂದಿನ ಗೋಡೆಗಳು ಹಿಡಿದಿಟ್ಟುಕೊಳ್ಳುತ್ತವೆ. ಸಂದು ಕಿರಿದಾದಷ್ಟೂ ಹಿಡಿತ ಬಿಗಿ. ಒಂದು ಮಿಲಿಮೀಟರ್ ಅಗಲದ ನಳಿಕೆ ಸುಮಾರು 3 ಸೆಂಟಿಮೀಟರ್ ಎತ್ತರದ ನೀರನ್ನು ಹಿಡಿದು ನಿಲ್ಲಿಸಬಲ್ಲದು, ಅರ್ಧ ಮಿಲಿಮೀಟರಿನದು 6 ಸೆಂಟಿಮೀಟರ್. ಪ್ರೋಟ್ರೇ ಗುಳಿಯ ಆಳವೇ 4 ಸೆಂಟಿಮೀಟರ್ ಆಸುಪಾಸು! ಅಂದರೆ ಅರ್ಧ ಮಿಲಿಮೀಟರಿಗಿಂತ ಕಿರಿದಾದ ಸಂದುಗಳು ಅಲ್ಲಿ ಗುರುತ್ವದಿಂದ ಬರಿದಾಗುವುದೇ ಇಲ್ಲ. ಬೇರು ಹೀರಬೇಕು, ಇಲ್ಲವೇ ಬಿಸಿಲಿಗೆ ಆರಬೇಕು.

ನೆನೆದ ಸ್ಪಂಜನ್ನು ಅಡ್ಡಡ್ಡ ಹಿಡಿದು, ಹನಿ ನಿಂತ ಮೇಲೆ ನೆಟ್ಟಗೆ ನಿಲ್ಲಿಸಿ: ಮತ್ತೆ ನೀರು ಸುರಿಯುತ್ತದೆ. ಸ್ಪಂಜು ಅದೇ, ಬದಲಾದದ್ದು ಎತ್ತರ ಮಾತ್ರ. ಅದೇ ಮಿಶ್ರಣ ಎತ್ತರದ ಕುಂಡದಲ್ಲಿ ಚೆನ್ನಾಗಿ ಬಸಿದು, ಗಿಡ್ಡ ಗುಳಿಯಲ್ಲಿ ಜವುಗಾಗುವುದು ಇದರಿಂದಲೇ.

ಕುಂಡದ ತಳಕ್ಕೆ ಜಲ್ಲಿ ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ಆಗುವುದು ಬೇರೆಯೇ. ಕಿರಿಸಂದಿನ ನೀರು ದೊಡ್ಡ ಸಂದಿಗೆ ಸುಲಭವಾಗಿ ಇಳಿಯುವುದಿಲ್ಲ. ಜಲ್ಲಿಯ ಮೇಲೆಯೇ ತಂಗುತ್ತದೆ. ಒದ್ದೆ ಪದರ ಬೇರಿನ ಹತ್ತಿರಕ್ಕೆ ಏರುತ್ತದೆ, ಅಷ್ಟೆ.

ಸಸಿಗೆ ಇದು ಜೀವನ್ಮರಣದ ವಿಷಯ. ಗಾಳಿಗೆ ಹೋಲಿಸಿದರೆ ನೀರಿನಲ್ಲಿ ಆಮ್ಲಜನಕ ಹರಡುವ ವೇಗ ಸುಮಾರು ಹತ್ತು ಸಾವಿರ ಪಟ್ಟು ಕಡಿಮೆ. ನೀರು ತುಂಬಿದ ಸಂದಿನಲ್ಲಿ ಬೇರು ಉಸಿರುಗಟ್ಟುತ್ತದೆ; ಬುಡ ಕೊಳೆಸುವ ಪಿಥಿಯಂನ ಬೀಜಕಗಳಿಗೆ ಈಜಾಡಲು ದಾರಿ ಸಿಗುತ್ತದೆ. ಆದ್ದರಿಂದ ಕೋಕೋಪಿಟ್ ಬರೀ ನುಣ್ಣನೆಯ ಪುಡಿಯಾಗಿರದೆ ತುಸು ನಾರೂ ಬೆರೆತಿರಲಿ. ತುಂಬುವಾಗ ಹೆಬ್ಬೆರಳಿನಿಂದ ಅದುಮಬೇಡಿ. ಅದುಮಿದಾಗ ಮೊದಲು ಮುಚ್ಚಿಹೋಗುವುದು ಗಾಳಿಯಾಡುವ ದೊಡ್ಡ ಸಂದುಗಳೇ. ಟ್ರೇಯನ್ನು ಒಮ್ಮೆ ಮೆಲ್ಲಗೆ ಕುಟ್ಟಿದರೆ ಸಾಕು.

ಪೂರ್ತಿ ಒಣಗಲು ಬಿಡುವುದೂ ತರವಲ್ಲ. ಒಣಗಿದ ಮಿಶ್ರಣ ಕುಗ್ಗಿ ಗುಳಿಯ ಅಂಚು ಬಿಡುತ್ತದೆ. ಹಾಕಿದ ನೀರು ಬಿರುಕಿನಲ್ಲೇ ಜಾರಿ ತೂತಿನಿಂದ ಹೊರಬೀಳುತ್ತದೆ, ನಡುವೆ ಬೇರು ಒಣಗಿಯೇ ಇರುತ್ತದೆ. ಹಾಗಾದಾಗ ಮೊದಲು ತೆಳುವಾಗಿ ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಕೊಡಿ. ನೀರು ಸಾಕೋ ಬೇಕೋ ಎಂಬುದನ್ನು ಮೇಲ್ಮೈ ಬಣ್ಣ ಹೇಳುವುದಿಲ್ಲ. ಟ್ರೇಯನ್ನು ಕೈಯಲ್ಲೆತ್ತಿ ತೂಕ ನೋಡಿ.