ಅಂಗಳದ ಚುಕ್ಕಿ, ಪರದೆಯ ಚುಕ್ಕಿ

‘ಏಳು ಚುಕ್ಕಿ, ನಾಲ್ಕರವರೆಗೆ, ಮಧ್ಯ ಚುಕ್ಕಿ.’

ರಂಗೋಲಿ ಹಾಕಿ ಬಲ್ಲವರಿಗೆ ಇಷ್ಟು ಹೇಳಿದರೆ ಸಾಕು. ಬೆಳಗ್ಗೆ ಅಂಗಳ ಗುಡಿಸಿ, ನೀರು ಚಿಮುಕಿಸಿ, ನಡುವೆ ಏಳು ಚುಕ್ಕಿ ಇಡುತ್ತಾರೆ. ಅದರ ಮೇಲೂ ಕೆಳಗೂ ಆರಾರು, ಆಮೇಲೆ ಐದೈದು, ಕೊನೆಗೆ ನಾಲ್ಕು ನಾಲ್ಕು. ಹೊಸ ಸಾಲಿನ ಪ್ರತಿ ಚುಕ್ಕಿಯೂ ಹಿಂದಿನ ಸಾಲಿನ ಎರಡು ಚುಕ್ಕಿಗಳ ಸಂದಿಗೆ ಬೀಳಬೇಕು. ಏಳು ಸಾಲು, 37 ಚುಕ್ಕಿ. ಆರು ಮೂಲೆಯ ಅಂದವಾದ ಆಕಾರವೊಂದು ತಾನಾಗಿ ಎದ್ದು ಬರುತ್ತದೆ. ಚಿಂತಾಮಣಿ, ಬಾಗೇಪಲ್ಲಿ ಕಡೆಯ ತೆಲುಗು ಮಾತಿನ ಮನೆಗಳಲ್ಲಿ ಇದಕ್ಕೆ ಮುಗ್ಗು ಎನ್ನುತ್ತಾರೆ. ಹೆಸರು ಬೇರೆ, ಲೆಕ್ಕ ಒಂದೇ.

ಈ ಲೆಕ್ಕದ ಜಾಡು ಹಿಡಿದು ಹೊರಟವರು ಕಂಪ್ಯೂಟರ್ ವಿಜ್ಞಾನಕ್ಕೇ ತಲುಪಿದ್ದಾರೆ. ತಾಂಬರಂನ ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನ ಗಿಫ್ಟ್ ಸಿರೊಮನಿ ಮತ್ತು ರಾಣಿ ಸಿರೊಮನಿ, ಕಮಲಾ ಕೃತಿವಾಸನ್ ಅವರೊಡನೆ ಸೇರಿ, ತಮಿಳುನಾಡಿನ ರಂಗೋಲಿಗಳಾದ ಕೋಲಂಗಳಿಗೆ ವ್ಯಾಕರಣ ಬರೆಯಬಹುದೆಂದು 1974ರಲ್ಲಿ ಪ್ರಬಂಧ ಪ್ರಕಟಿಸಿದರು. ಕೆಲವೇ ನಿಯಮಗಳಿಂದ ಎಣಿಸಲಾಗದಷ್ಟು ಚಿತ್ತಾರ ಹೊರಡಿಸುವ ಬಗೆ ಅದು. ಇಂದು ಜಗತ್ತಿನ ಕಲಾಶಾಲೆಗಳಲ್ಲಿ ‘ಕ್ರಿಯೇಟಿವ್ ಕೋಡಿಂಗ್’ ಎಂದು ಕಲಿಸುವ ಕಸುಬಿನ ತಿರುಳೂ ಇದೇ. ಲೆಕ್ಕಪತ್ರಕ್ಕೋ ಬ್ಯಾಂಕಿಗೋ ಬೇಕಾದ ತಂತ್ರಾಂಶ ಬರೆಯುವ ಬದಲು ಇಲ್ಲಿ ಚಿತ್ರ, ಚಲನೆ, ದನಿ ಹುಟ್ಟಿಸಲು ಕೋಡ್ ಬರೆಯುತ್ತಾರೆ.

ಕಸುಬು ಬೆಳೆದ ದಾರಿ

ಹಂಗೇರಿಯಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲೆಸಿದ ಕಲಾವಿದೆ ವೆರಾ ಮೊಲ್ನಾರ್ 1968ರಲ್ಲಿ ಕಂಪ್ಯೂಟರ್ ಮುಟ್ಟಿದರು. ಅದಕ್ಕೂ ಮೊದಲೇ ಅವರು ನಿಯಮ ಹಾಕಿಕೊಂಡು ಕೈಯಿಂದ ಚಿತ್ರ ಬರೆಯುತ್ತಿದ್ದರು. ಸಾಲಾಗಿ ಚೌಕಗಳನ್ನಿಟ್ಟು, ಅವು ಸ್ವಲ್ಪಸ್ವಲ್ಪವೇ ಸೊಟ್ಟಗಾಗುವಂತೆ ಮಾಡಿ, ಕ್ರಮ ಎಲ್ಲಿ ಕದಡುತ್ತದೆ ಎಂದು ನೋಡುವುದು ಅವರ ಹವ್ಯಾಸ. 2023ರ ಡಿಸೆಂಬರಿನಲ್ಲಿ ತೀರಿಕೊಳ್ಳುವಾಗ ನೂರು ತುಂಬಲು ಕೆಲವೇ ವಾರಗಳಿದ್ದವು.

ಈ ಕಲೆ ಸಾಮಾನ್ಯ ವಿದ್ಯಾರ್ಥಿಗೆ ದಕ್ಕಿದ್ದು 2001ರಿಂದ ಈಚೆಗೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಓದುತ್ತಿದ್ದ ಕೇಸಿ ರೀಸ್ ಮತ್ತು ಬೆನ್ ಫ್ರೈ ‘ಪ್ರೊಸೆಸಿಂಗ್’ ಎಂಬ ತಂತ್ರಾಂಶವನ್ನು ಕಟ್ಟಿ ಉಚಿತವಾಗಿ ಹಂಚಿದರು. 2013ರಲ್ಲಿ ಲಾರೆನ್ ಮೆಕಾರ್ತಿ ಅದನ್ನೇ ಬ್ರೌಸರಿಗೆ ಒಗ್ಗಿಸುವ ಕೆಲಸ ಶುರು ಮಾಡಿದರು. ಅದೇ ಪಿ5.ಜೆಎಸ್. ಇದಕ್ಕೆ ದುಬಾರಿ ಯಂತ್ರ ಬೇಡ. ಶಾಲೆಯ ಹಳೆಯ ಕಂಪ್ಯೂಟರಿನ ಬ್ರೌಸರಿನಲ್ಲೇ ಕೂತು ಬರೆಯಬಹುದು.

ಮೊದಲ ಪಾಠವೂ ಕಷ್ಟದ್ದಲ್ಲ. ಪರದೆಯೇ ಅಂಗಳ. ಎಡಗಡೆಯ ಮೇಲಿನ ಮೂಲೆ ಸೊನ್ನೆ. ಅಲ್ಲಿಂದ ಬಲಕ್ಕೆಷ್ಟು, ಕೆಳಕ್ಕೆಷ್ಟು ಎಂದು ಹೇಳಿದರೆ ಚುಕ್ಕಿ ಅಲ್ಲಿ ಕೂರುತ್ತದೆ. ಸಾಲಿಗೊಂದು ಸುತ್ತು, ಸಾಲಿನೊಳಗಿನ ಚುಕ್ಕಿಗೊಂದು ಸುತ್ತು. ಸಾಲು ಬದಲಾದಾಗ ಅರ್ಧ ಅಂತರ ಸರಿಸಬೇಕು. ಹತ್ತು ಹನ್ನೆರಡು ಸಾಲು ಕೋಡ್‌ನಲ್ಲಿ ಅಮ್ಮನ ಏಳು ಚುಕ್ಕಿ ಪರದೆಗೆ ಬರುತ್ತದೆ. ಏಳನ್ನು ಹದಿನೈದು ಮಾಡಿ, ನಾಲ್ಕನ್ನು ಎಂಟು ಮಾಡಿ. ಕ್ಷಣದಲ್ಲಿ 169 ಚುಕ್ಕಿ. ಅಂಕಿ ಬದಲಾದರೆ ಆಕಾರ ಬದಲಾಗುವುದನ್ನು ಕಣ್ಣಾರೆ ಕಂಡ ಮಗುವಿಗೆ ಬೀಜಗಣಿತ ಹೆದರಿಸುವ ವಿಷಯವಾಗಿ ಉಳಿಯುವುದಿಲ್ಲ.

ರೇಷ್ಮೆ, ಆಕಾಶ, ಮಳೆ

ಚಿಕ್ಕಬಳ್ಳಾಪುರ ಸೀಮೆಯ ವಿದ್ಯಾರ್ಥಿಗೆ ವಸ್ತು ಹುಡುಕಲು ದೂರ ಹೋಗಬೇಕಿಲ್ಲ. ಶಿಡ್ಲಘಟ್ಟದಲ್ಲಿ ಬಿಚ್ಚಿದ ರೇಷ್ಮೆ ನೂಲು ಸೀರೆಯ ಮಗ್ಗ ಸೇರುತ್ತದೆ. ಆ ಮಗ್ಗಗಳ ಮೇಲೆ ಕೂರುವ ಜಕಾರ್ಡ್ ಪೆಟ್ಟಿಗೆ ಕಂಪ್ಯೂಟರಿಗೆ ಹಿರಿಯಜ್ಜ. ಫ್ರಾನ್ಸಿನ ಲಿಯೋನ್ ಪಟ್ಟಣದ ಜೋಸೆಫ್ ಮರಿ ಜಕಾರ್ಡ್ 1804ರ ಹೊತ್ತಿಗೆ ರೂಪಿಸಿದ ಈ ಯಂತ್ರದಲ್ಲಿ ರಟ್ಟಿನ ಕಾರ್ಡಿನ ತೂತುಗಳೇ ಯಾವ ಎಳೆ ಏಳಬೇಕೆಂದು ಹೇಳುತ್ತವೆ. 1839ರಲ್ಲಿ ಸುಮಾರು 24,000 ಕಾರ್ಡುಗಳನ್ನು ಬಳಸಿ ಜಕಾರ್ಡನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದರ ಒಂದು ಪ್ರತಿಯನ್ನು ತನ್ನ ಮನೆಯಲ್ಲಿಟ್ಟುಕೊಂಡಿದ್ದ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್, ತನ್ನ ಲೆಕ್ಕದ ಯಂತ್ರಕ್ಕೂ ಅದೇ ಬಗೆಯ ಕಾರ್ಡುಗಳನ್ನು ಬಳಸಲು ಯೋಚಿಸಿದ್ದ. ಹಿಪ್ಪುನೇರಳೆ ತೋಟದ ಮಕ್ಕಳಿಗೆ ಕೋಡ್ ಎಂಬುದು ಹೊರಗಿನಿಂದ ಬಂದ ವಿದ್ಯೆಯೆಂದು ಅನ್ನಿಸಬೇಕಾಗಿಲ್ಲ. ಅದರ ವಂಶದಲ್ಲಿ ರೇಷ್ಮೆಯ ಎಳೆಯಿದೆ.

ಗೌರಿಬಿದನೂರಿಗೆ ಬನ್ನಿ. ಅಲ್ಲಿ 1976ರಲ್ಲಿ ಒಂದು ರೇಡಿಯೊ ದೂರದರ್ಶಕ ಆಕಾಶಕ್ಕೆ ಕಿವಿಗೊಡತೊಡಗಿತು. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ ಕಟ್ಟಿದ್ದು. ಇಂಗ್ಲಿಷಿನ ಟಿ ಅಕ್ಷರದ ಹಾಗೆ ಹರಡಿದ ಸಾವಿರ ಆಂಟೆನಾಗಳು, 34.5 ಮೆಗಾಹರ್ಟ್ಸ್ ಕಂಪನಾಂಕ. ಅಲ್ಲಿಗೆ ಬಂದು ಬೀಳುವುದು ಬರೀ ಗೊರಗೊರ ಸದ್ದು. ಅದನ್ನು ಅಂಕಿಗಳಾಗಿಸಿ, ಅಂಕಿಗಳನ್ನು ಆಕಾಶದ ನಕ್ಷೆಯಾಗಿಸಿದವರು ನಮ್ಮ ವಿಜ್ಞಾನಿಗಳು. ಅದೇ ಆವರಣದ ಮತ್ತೊಂದು ಉಪಕರಣ 1997ರಿಂದ ಸೂರ್ಯನ ಹೊರವಲಯದ ಚಿತ್ರ ತೆಗೆಯುತ್ತಿದೆ. ಕಾಣದ್ದನ್ನು ಅಂಕಿಯ ಮೂಲಕ ಕಾಣಿಸುವ ಈ ಕೆಲಸದ ಚಿಕ್ಕ ರೂಪವನ್ನು ಹೈಸ್ಕೂಲಿನ ಹುಡುಗಿಯೂ ಮಾಡಬಹುದು. ಗ್ರಾಮ ಪಂಚಾಯಿತಿ ಮಟ್ಟದವರೆಗೆ ಮಳೆಮಾಪಕಗಳನ್ನಿಟ್ಟು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಮಾಹಿತಿ ಕೊಡುತ್ತದೆ. ಅವಳು ತನ್ನ ಹೋಬಳಿಯ ಹತ್ತು ವರ್ಷದ ಮಳೆಯನ್ನು ದಿನಕ್ಕೊಂದು ಚುಕ್ಕಿಯಾಗಿ ಇಟ್ಟು ನೋಡಲಿ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆಯಲ್ಲಿ ಖಾಲಿ ಉಳಿದ ಜಾಗವೇ ಎಷ್ಟೋ ಕಥೆ ಹೇಳುತ್ತದೆ.

ಕನ್ನಡಿ ತೋರಿಸಿದ ತಪ್ಪು

ಚಿತ್ರ ಬರೆಯುತ್ತಾ ಬರೆಯುತ್ತಾ ವಿದ್ಯಾರ್ಥಿ ನೈತಿಕ ಪ್ರಶ್ನೆಯ ಎದುರು ಹೇಗೆ ನಿಲ್ಲುತ್ತಾನೆ? ಇದಕ್ಕೆ ಜಾಯ್ ಬುಲಮ್ವಿನಿ ಅವರ ಅನುಭವಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಘಾನಾ ಮೂಲದ ಈ ಹುಡುಗಿ ಎಂಐಟಿಯಲ್ಲಿ ಓದುವಾಗ ತರಗತಿಯ ಕೆಲಸಕ್ಕೆಂದು ಒಂದು ಕನ್ನಡಿ ಮಾಡಿದಳು. ಎದುರು ನಿಂತವರ ಮುಖದ ಮೇಲೆ ಬೇರೊಂದು ಚಿತ್ರ ಮೂಡಬೇಕಿತ್ತು. ಕನ್ನಡಿಯ ತಂತ್ರಾಂಶ ಅವಳ ಕಪ್ಪು ಮುಖವನ್ನು ಮುಖವೆಂದೇ ಗುರುತಿಸಲಿಲ್ಲ. ಬಿಳಿ ಮುಖವಾಡ ಹಾಕಿಕೊಂಡಳು, ಕೂಡಲೇ ಗುರುತಿಸಿತು. ಅವಳು ಅಲ್ಲಿಗೇ ಬಿಡಲಿಲ್ಲ. ಸಂಶೋಧಕಿ ಟಿಮ್ನಿಟ್ ಗೆಬ್ರು ಜೊತೆ ಮಾಡಿದ 2018ರ ಅಧ್ಯಯನದಲ್ಲಿ, ದೊಡ್ಡ ಕಂಪನಿಗಳ ತಂತ್ರಾಂಶಗಳು ಮುಖ ನೋಡಿ ಗಂಡೋ ಹೆಣ್ಣೋ ಹೇಳುವಾಗ ಬಿಳಿ ಗಂಡಸರ ವಿಷಯದಲ್ಲಿ ನೂರಕ್ಕೆ ಒಂದರಷ್ಟೂ ತಪ್ಪುವುದಿಲ್ಲ, ಕಪ್ಪು ಹೆಂಗಸರ ವಿಷಯದಲ್ಲಿ ಮಾತ್ರ 34.7ರವರೆಗೆ ತಪ್ಪುತ್ತವೆ ಎಂದು ತೋರಿಸಿದಳು. ಕೋಡ್ ಬರೆದವರು ಯಾರ ಮುಖಗಳನ್ನು ಕೂಡಿಹಾಕಿದ್ದರೋ ಅವರಿಗಷ್ಟೇ ಯಂತ್ರ ಕಣ್ಣು ತೆರೆದಿತ್ತು.

ನಮ್ಮಲ್ಲೂ ಇಂಥ ಪ್ರಶ್ನೆಗಳು ಕೈಗೆಟಕುವಷ್ಟು ಹತ್ತಿರದಲ್ಲಿವೆ. ಕನ್ನಡದಲ್ಲಿ ಶುರುವಾಗಿ ತೆಲುಗಿನಲ್ಲಿ ಮುಗಿಯುವ ಚಿಂತಾಮಣಿ ಸಂತೆಯ ಮಾತು, ದನಿ ಗುರುತಿಸುವ ತಂತ್ರಾಂಶಕ್ಕೆ ಅರ್ಥವಾಗುತ್ತದೆಯೇ? ರಾಜ್ಯದ ರೇಷ್ಮೆಗೂಡಿನ ಮಾರುಕಟ್ಟೆಗಳಿಗೆ ಇ-ಹರಾಜು ಬಂದಿದೆ; ನೂಲು ಬಿಚ್ಚುವ ರೀಲರುಗಳು ಮೊಬೈಲಿನಲ್ಲಿ ಬೆಲೆ ಕೂಗುತ್ತಾರೆ. ರೈತನ ಲಾಟಿನ ಬೆಲೆ ಹೇಗೆ ನಿಂತಿತೆಂದು ಅವನಿಗೇ ಕಾಣುವಂತೆ ಒಂದು ಚಿತ್ರ ಬರೆಯಬಹುದೇ? ಬರೆದರೆ, ಅದರಲ್ಲಿ ಅವನ ಹೆಸರು, ಫೋನ್ ನಂಬರು ಇರಬೇಕೇ?

ಕೊನೆಯ ಪ್ರಶ್ನೆಗೆ ದಾರಿ ತೋರಿದವರು ಕನ್ನಡಿಗರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. ಸಹಪಾಠಿಯ ಫೋಟೊ ಹಾಕಿ ಮೋಜಿನ ಪ್ರೋಗ್ರಾಂ ಬರೆಯುವ ಹುಡುಗನಿಗೆ ಈ ತೀರ್ಪಿನ ಕಥೆ ಗೊತ್ತಿದ್ದರೆ, ಮೊದಲು ಗೆಳೆಯನ ಒಪ್ಪಿಗೆ ಕೇಳುತ್ತಾನೆ.

ಹೊಸೂರಿನ ಮೇಷ್ಟ್ರ ಪಾಠ

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಬಡ ಹುಡುಗನೊಬ್ಬ ಓದುವ ಹಂಬಲದಿಂದ ಬೆಂಗಳೂರಿಗೆ ನಡೆದೇ ಹೋದ. ಅವರೇ ಎಚ್. ನರಸಿಂಹಯ್ಯ. ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪರಮಾಣು ಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದು ಬಂದು, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡಗಳನ್ನು ಪರೀಕ್ಷಿಸಲು ಸಮಿತಿ ರಚಿಸಿದರು. ಎದುರಿಗಿರುವವರು ಎಷ್ಟೇ ದೊಡ್ಡವರಾದರೂ ಪುರಾವೆ ಕೇಳುವುದನ್ನು ಅವರು ಬಿಡಲಿಲ್ಲ.

ಇಂದು ಪವಾಡದ ಜಾಗಕ್ಕೆ ಕೃತಕ ಬುದ್ಧಿಮತ್ತೆ ಬಂದು ಕೂತಿದೆ. ಕಂಪ್ಯೂಟರ್ ಹೇಳಿತು ಎಂದರೆ ಮಾತು ಮುಗಿಯಿತು. ಕೈಯಾರೆ ಹತ್ತು ಸಾಲು ಕೋಡ್ ಬರೆದವನು ಮಾತ್ರ ಹಾಗೆ ಸುಮ್ಮನಾಗುವುದಿಲ್ಲ. ಒಂದು ಅಂಕಿ ತಪ್ಪಿದರೆ ರಂಗೋಲಿ ಸೊಟ್ಟಗಾದದ್ದನ್ನು ಅವನು ನೋಡಿದ್ದಾನೆ. ಪರದೆಯ ಮೇಲಿನ ಪ್ರತಿ ಚುಕ್ಕಿಯನ್ನೂ ಯಾರೋ ಒಬ್ಬರು ನಿರ್ಧರಿಸಿ ಇಟ್ಟದ್ದೆಂದು ಬಲ್ಲ. ಅದಕ್ಕೇ ಕೋಡಿಂಗ್ ಮತ್ತು ಅದರ ನೀತಿ ಎರಡನ್ನೂ ಒಂದೇ ಬೆಂಚಿನ ಮೇಲೆ, ಒಟ್ಟಿಗೇ ಕಲಿಸಬೇಕು. ಮೊದಲು ಕಸುಬು, ಕೆಲಸ ಸಿಕ್ಕ ಮೇಲೆ ವಿವೇಕ ಎಂದರೆ ವಿವೇಕ ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಚಿಕ್ಕಬಳ್ಳಾಪುರ ಜಿಲ್ಲೆಯ ಮೇಷ್ಟ್ರುಗಳಲ್ಲಿ, ತಾಯ್ತಂದೆಯರಲ್ಲಿ ಒಂದು ಬಿನ್ನಹ. ವಾರಕ್ಕೊಂದು ಗಂಟೆ ಶಾಲೆಯ ಕಂಪ್ಯೂಟರ್ ಕೋಣೆಯ ಬಾಗಿಲು ತೆರೆಯಿರಿ. ಮನೆಯ ರಂಗೋಲಿ ಪುಸ್ತಕವನ್ನು ಮಕ್ಕಳ ಕೈಯಲ್ಲಿ ಕಳಿಸಿ. ಮಗು ಚಿತ್ರ ಮುಗಿಸಿ ತೋರಿಸಿದಾಗ ಚೆನ್ನಾಗಿದೆ ಎನ್ನಿ. ಆಮೇಲೆ, ಇದರಲ್ಲಿ ಯಾರು ಬಿಟ್ಟುಹೋಗಿದ್ದಾರೆ ಎಂದೂ ಕೇಳಿ.